ಸುಣ್ಣದ ಬೆಳಕು: ಒಂದು ಇಂಗ್ಲಿಷ್ ನುಡಿಗಟ್ಟಿನ ವಿಚಾರ

ಇಂಗ್ಲಿಷ್ ಭಾಷೆಯಲ್ಲಿ ‘ಇನ್ ದ ಲೈಮ್‌ಲೈಟ್’ ಎಂಬ ನುಡಿಗಟ್ಟೊಂದುಂಟು. ಇಂಗ್ಲಿಷ್ ಪತ್ರಿಕೆಗಳನ್ನು ಓದುವ ಅಭ್ಯಾಸವಿರುವ ವಿದ್ಯಾರ್ಥಿಗಳು ಇದನ್ನು ವಾರಕ್ಕೊಮ್ಮೆಯಾದರೂ ಕಂಡಿರುತ್ತಾರೆ. ಚುನಾವಣೆಯಲ್ಲಿ ಅನಿರೀಕ್ಷಿತವಾಗಿ ಗೆದ್ದ ಹೊಸಬ, ಮೊದಲ ಪಂದ್ಯದಲ್ಲಿಯೇ ಶತಕ ಬಾರಿಸಿದ ತರುಣ, ಮೊಕದ್ದಮೆಯಲ್ಲಿ ಸಿಕ್ಕಿಬಿದ್ದ ಧನಿಕ, ಇವರೆಲ್ಲರೂ ಆ ಪತ್ರಿಕೆಗಳ ಪ್ರಕಾರ ಲೈಮ್‌ಲೈಟಿನಲ್ಲಿ ಇರುವವರೇ. ಇದರ ಅರ್ಥವೇನೆಂದು ಕೇಳಿದರೆ ‘ಪ್ರಸಿದ್ಧಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಾಗಾದರೆ ‘ಲೈಮ್’ ಎಂದರೇನು ಎಂದು ಮತ್ತೆ ಕೇಳಿದರೆ, ನಿಂಬೆಯ ಹಣ್ಣು ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ನಿಂಬೆಹಣ್ಣಿಗೂ ಬೆಳಕಿಗೂ, ಬೆಳಕಿಗೂ ಪ್ರಸಿದ್ಧಿಗೂ ಏನು ನಂಟು ಎಂಬ ಮೂರನೆಯ ಪ್ರಶ್ನೆಗೆ ಉತ್ತರ ದೊರೆಯುವುದು ಅಪರೂಪ.

ಕೆಲವು ನುಡಿಗಟ್ಟುಗಳ ಹುಟ್ಟನ್ನು ತಿಳಿಯದಿದ್ದರೂ ಅವುಗಳ ಬಳಕೆಗೆ ಊನವಿಲ್ಲ. ಇದು ಹಾಗಲ್ಲವೆಂಬುದು ನಮ್ಮ ಅಭಿಪ್ರಾಯ. ಈ ಮಾತಿನ ಹಿಂದೆ ಒಂದು ನಿಜವಾದ ದೀಪವಿದೆ. ಆ ದೀಪದ ರಚನೆಯನ್ನು ಬಲ್ಲವರಿಗೆ ಮಾತ್ರ ಪ್ರಸಿದ್ಧಿಯೇ ಬೇರೆ, ಲೈಮ್‌ಲೈಟೇ ಬೇರೆ ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ಹಣ್ಣಿನ ತೊಡಕನ್ನು ಬಿಡಿಸಿಬಿಡೋಣ. ಇಂಗ್ಲಿಷಿನಲ್ಲಿ ‘ಲೈಮ್’ ಎಂದು ಒಂದೇ ರೀತಿ ಬರೆದು ಒಂದೇ ರೀತಿ ಉಚ್ಚರಿಸುವ ಮೂರು ಪದಗಳಿವೆ. ಅವುಗಳಲ್ಲಿ ಪರಸ್ಪರ ಬಂಧುತ್ವವಿಲ್ಲ. ನಿಂಬೆಯ ಜಾತಿಯ ಹಣ್ಣನ್ನು ಸೂಚಿಸುವ ಲೈಮ್ ಅರಬ್ಬೀ ಮೂಲದಿಂದ ಫ್ರೆಂಚ್ ಭಾಷೆಯ ಮೂಲಕ ಬಂದದ್ದು. ಯೂರೋಪಿನ ಬೀದಿಗಳ ಇಕ್ಕೆಲಗಳಲ್ಲಿ ನೆರಳಿಗಾಗಿ ಬೆಳೆಸುವ ಲಿಂಡೆನ್ ಮರಕ್ಕೂ ಲೈಮ್ ಎನ್ನುತ್ತಾರೆ. ಅದು ‘ಲಿಂಡ್’ ಎಂಬ ಹಳೆಯ ಹೆಸರು ಸವೆದು ಉಳಿದ ರೂಪ. ಮೂರನೆಯದೇ ಸುಣ್ಣ. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಅಂಟುವ ವಸ್ತುವೆಂಬ ಅರ್ಥವಿದ್ದಿತು. ಹಕ್ಕಿಗಳನ್ನು ಹಿಡಿಯಲು ಕೊಂಬೆಗೆ ಬಳಿಯುತ್ತಿದ್ದ ಅಂಟಿಗೂ, ಗೋಡೆಯ ಕಲ್ಲುಗಳನ್ನು ಕೂಡಿಸುವ ಗಾರೆಯ ಸುಣ್ಣಕ್ಕೂ ಇದೇ ಹೆಸರು. ನಮ್ಮ ‘ಸುಣ್ಣ’ವಾದರೋ ಸಂಸ್ಕೃತದ ‘ಚೂರ್ಣ’ದ ತದ್ಭವ. ಆಂಗ್ಲರು ಆ ವಸ್ತುವಿನಲ್ಲಿ ಅಂಟನ್ನು ಕಂಡರು, ನಮ್ಮವರು ಪುಡಿಯನ್ನು ಕಂಡರು. ಅದು ಹೇಗೂ ಇರಲಿ, ಲೈಮ್‌ಲೈಟಿನ ಲೈಮ್ ಈ ಮೂರನೆಯದು. ಎಂದರೆ, ನುಡಿಗಟ್ಟಿನ ಅಕ್ಷರಾರ್ಥ ‘ಸುಣ್ಣದ ಬೆಳಕಿನಲ್ಲಿ’ ಎಂದಾಗುತ್ತದೆ.

ಸುಣ್ಣ ಬೆಳಕು ಕೊಡುವುದುಂಟೇ? ಎಲೆಯಡಿಕೆಗೆ ಸವರುವ, ಹಬ್ಬದ ಮುನ್ನ ಗೋಡೆಗೆ ಬಳಿಯುವ ಸುಣ್ಣವು ಬೆಳ್ಳಗಿರುತ್ತದೆಯೇ ಹೊರತು ತಾನಾಗಿ ಬೆಳಗುವುದಿಲ್ಲ. ಆದರೆ ಆ ಸುಣ್ಣ ನೀರನ್ನು ಕುಡಿದು ಅರಳಿದ ಸುಣ್ಣ. ಅದಕ್ಕೂ ಹಿಂದಿನ ಅವಸ್ಥೆಯನ್ನು ನೋಡಬೇಕು. ಸುಣ್ಣಕಲ್ಲನ್ನು ಅಥವಾ ಕಡಲ ಚಿಪ್ಪನ್ನು ಗೂಡಿನಲ್ಲಿಟ್ಟು ಸುಮಾರು ೯೦೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರೆ ಇಂಗಾಲದ ಡೈ ಆಕ್ಸೈಡ್ ಅನಿಲವು ಹೊರಟುಹೋಗಿ ಕ್ಯಾಲ್ಸಿಯಂ ಆಕ್ಸೈಡ್ ಉಳಿಯುತ್ತದೆ. ಶುದ್ಧವಾದ ಸುಣ್ಣಕಲ್ಲು ೧೦೦ ಸೇರು ಇದ್ದರೆ ಉಳಿಯುವುದು ೫೬ ಸೇರು. ಇದೇ ಸುಟ್ಟ ಸುಣ್ಣ. ನೀರು ಬಿದ್ದೊಡನೆ ಬುಸುಗುಟ್ಟುತ್ತ, ಹಬೆಯಾಡುತ್ತ ಪುಡಿಯಾಗುವುದು ಇದೇ.

ಸುಟ್ಟ ಸುಣ್ಣದಲ್ಲಿ ನಮಗೆ ಈಗ ಬೇಕಾದ ಗುಣವೆಂದರೆ ಅದು ಸುಲಭವಾಗಿ ಕರಗದಿರುವುದು. ಅಡಿಗೆಯ ಉಪ್ಪು ಸುಮಾರು ೮೦೦ ಡಿಗ್ರಿಯಲ್ಲಿ ಕರಗಿ ನೀರಾಗುತ್ತದೆ. ಸುಟ್ಟ ಸುಣ್ಣವು ಕರಗಲು ಸುಮಾರು ೨,೬೦೦ ಡಿಗ್ರಿ ಬೇಕು. ಎರಡರ ಕಣಗಳೂ ಒಂದೇ ಬಗೆಯ ಚೌಕಟ್ಟಿನಲ್ಲಿ ಜೋಡಣೆಗೊಂಡಿವೆ. ಆದರೂ ಇಷ್ಟು ಅಂತರವೇಕೆ? ಉಪ್ಪಿನಲ್ಲಿ ಒಂದೊಂದು ವಿದ್ಯುತ್ ಅಂಶವನ್ನು ಹೊತ್ತ ಅಯಾನುಗಳು ಒಂದನ್ನೊಂದು ಸೆಳೆಯುತ್ತವೆ. ಸುಣ್ಣದಲ್ಲಿ ಕ್ಯಾಲ್ಸಿಯಂ ಮತ್ತು ಆಮ್ಲಜನಕ ಎರಡೂ ತಲಾ ಎರಡು ಅಂಶಗಳನ್ನು ಹೊತ್ತಿವೆ. ಎರಡನ್ನು ಎರಡರಿಂದ ಗುಣಿಸಿದರೆ ಸೆಳೆತ ನಾಲ್ಕು ಪಟ್ಟಾಗುತ್ತದೆ. ಕಣಗಳು ಇನ್ನಷ್ಟು ಹತ್ತಿರವಿರುವುದರಿಂದ ಅದಕ್ಕಿಂತಲೂ ಹೆಚ್ಚಾಗುತ್ತದೆ. ಈ ಬಿಗಿಯಾದ ಕಟ್ಟನ್ನು ಸಾಮಾನ್ಯವಾದ ಬೆಂಕಿಯು ಸಡಿಲಿಸಲಾರದು.

ಇನ್ನು ಬೆಳಕಿನ ವಿಚಾರ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣವು ಮೊದಲು ಮಂದವಾಗಿ ಕೆಂಪಾಗಿ, ಬಳಿಕ ಕಿತ್ತಳೆಯಾಗಿ, ಕೊನೆಗೆ ಹಳದಿಬಿಳುಪಾಗಿ ಹೊಳೆಯುವುದನ್ನು ಎಲ್ಲರೂ ಕಂಡಿದ್ದೇವೆ. ಘನವಸ್ತುವನ್ನು ಹೆಚ್ಚು ಕಾಯಿಸಿದಷ್ಟೂ ಅದು ಸೂಸುವ ಶಕ್ತಿ ಬಹು ವೇಗವಾಗಿ ಏರುತ್ತದೆ. ನಿರಪೇಕ್ಷ ಉಷ್ಣತೆ ಇಮ್ಮಡಿಯಾದರೆ ಒಟ್ಟು ಸೂಸುವಿಕೆ ಹದಿನಾರು ಪಟ್ಟಾಗುತ್ತದೆ. ಜೊತೆಗೆ ಬಣ್ಣವೂ ಕೆಂಪಿನಿಂದ ಬಿಳುಪಿನ ಕಡೆಗೆ ಸರಿಯುತ್ತದೆ. ಕಬ್ಬಿಣದ ದೌರ್ಬಲ್ಯವೇನೆಂದರೆ ೧,೫೦೦ ಡಿಗ್ರಿ ದಾಟುತ್ತಿದ್ದಂತೆಯೇ ಅದು ಕರಗಿಹೋಗುತ್ತದೆ. ಅದಕ್ಕಿಂತ ಸಾವಿರ ಡಿಗ್ರಿ ಮುಂದೆ ಹೋಗಿಯೂ ಗಟ್ಟಿಯಾಗಿ ನಿಲ್ಲಬಲ್ಲ ವಸ್ತುವಿದ್ದರೆ ಅದರ ಬೆಳಕು ಕಣ್ಣು ಕೋರೈಸುವಂತಿರಬೇಕು. ಸುಣ್ಣ ಅಂಥ ವಸ್ತು. ಆದರೆ ಅದನ್ನು ಅಷ್ಟು ಕಾಯಿಸುವ ಬೆಂಕಿ ಎಲ್ಲಿದೆ?

ಆ ಬೆಂಕಿ ಜಲಜನಕ ಮತ್ತು ಆಮ್ಲಜನಕಗಳದು. ಅಮೆರಿಕದ ಫಿಲಡೆಲ್ಫಿಯ ನಗರದ ರಾಬರ್ಟ್ ಹೇರ್ ಎಂಬ ರಸಾಯನ ವಿಜ್ಞಾನಿ ೧೮೦೧ರಲ್ಲಿ ಈ ಎರಡು ಅನಿಲಗಳನ್ನು ಬೇರೆ ಬೇರೆಯಾಗಿ ತಂದು ನಳಿಗೆಯ ತುದಿಯಲ್ಲಿ ಕೂಡಿಸಿ ಉರಿಸುವ ಊದುಗೊಳವೆಯನ್ನು ರಚಿಸಿದನು. ಆ ಜ್ವಾಲೆಯ ಉಷ್ಣತೆ ಸುಮಾರು ೨,೮೦೦ ಡಿಗ್ರಿ. ವಿಚಿತ್ರವೆಂದರೆ ಇಷ್ಟು ಬಿಸಿಯಾದ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣಿಸುವುದೇ ಕಷ್ಟ. ಅದರಲ್ಲಿರುವುದು ಬರಿಯ ನೀರಾವಿ. ಬೆಳಗಲು ಬೇಕಾದ ಘನಕಣಗಳೇ ಇಲ್ಲ. ಮೇಣದಬತ್ತಿಯ ಉರಿ ಇದಕ್ಕಿಂತ ಎಷ್ಟೋ ತಣ್ಣಗಿದ್ದರೂ ಹಳದಿಯಾಗಿ ಹೊಳೆಯುವುದಕ್ಕೆ ಅದರೊಳಗೆ ಕಾದ ಇಂಗಾಲದ ಸೂಕ್ಷ್ಮ ಕಣಗಳೇ ಕಾರಣವೆಂದು ಮೈಕೇಲ್ ಫ್ಯಾರಡೆ ಮಕ್ಕಳಿಗೆ ನೀಡಿದ ತನ್ನ ಮೇಣದಬತ್ತಿಯ ಉಪನ್ಯಾಸಗಳಲ್ಲಿ ತೋರಿಸಿಕೊಟ್ಟನು. ಬೆಂಕಿ ಶಾಖವನ್ನು ಕೊಡಬೇಕು, ಘನವಸ್ತು ಅದನ್ನು ಬೆಳಕಾಗಿ ತಿರುಗಿಸಬೇಕು; ಇದು ಕೆಲಸದ ಹಂಚಿಕೆ.

ಈ ಇಬ್ಬರನ್ನೂ ಒಂದುಗೂಡಿಸಿದವನು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ವೈದ್ಯ ಗೋಲ್ಡ್ಸ್‌ವರ್ದಿ ಗರ್ನಿ. ೧೮೨೦ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಗಳನ್ನು ಕೊಡುತ್ತಿದ್ದ ಅವನು ಊದುಗೊಳವೆಯ ಜ್ವಾಲೆಗೆ ಒಂದೊಂದೇ ವಸ್ತುವನ್ನು ಒಡ್ಡಿ ನೋಡುತ್ತಿದ್ದಾಗ ಸುಣ್ಣದ ತುಣುಕು ಹಿಂದೆಂದೂ ಕಾಣದಂತಹ ಬೆಳಕನ್ನು ಚೆಲ್ಲಿತು. ೧೮೨೩ರಲ್ಲಿ ತನ್ನ ಉಪನ್ಯಾಸಗಳನ್ನು ಅವನು ಪುಸ್ತಕವಾಗಿಯೂ ಅಚ್ಚುಹಾಕಿಸಿದನು. ಆದರೆ ಆ ಬೆಳಕಿಗೆ ಅವನ ಹೆಸರು ನಿಲ್ಲಲಿಲ್ಲ. ಹತ್ತೊಂಬತ್ತನೆಯ ಶತಮಾನದ ಜನ ಅದನ್ನು ‘ಡ್ರಮಂಡ್ ಬೆಳಕು’ ಎಂದು ಕರೆದರು. ಲೈಮ್‌ಲೈಟನ್ನು ಕಂಡುಹಿಡಿದವನೇ ಲೈಮ್‌ಲೈಟಿನಿಂದ ಹೊರಗುಳಿದನೆಂದು ಹೇಳಿದರೆ, ನುಡಿಗಟ್ಟಿನ ಸರಿಯಾದ ಪ್ರಯೋಗಕ್ಕೆ ಅದೊಂದು ಉದಾಹರಣೆಯೂ ಆಗುತ್ತದೆ.

ಥಾಮಸ್ ಡ್ರಮಂಡ್ ಸ್ಕಾಟ್ಲೆಂಡಿನವನು, ಸೈನ್ಯದ ಎಂಜಿನಿಯರು. ಅವನಿಗೆ ನಾಟಕವೂ ಬೇಕಿರಲಿಲ್ಲ, ಪ್ರಸಿದ್ಧಿಯೂ ಬೇಕಿರಲಿಲ್ಲ. ಬೇಕಾದದ್ದು ಬೆಟ್ಟದ ತುದಿಯಲ್ಲಿ ಒಂದು ಬಿಂದು. ಐರ್ಲೆಂಡಿನ ಮೋಜಣಿ ಕಾರ್ಯ ೧೮೨೪ರಲ್ಲಿ ಪ್ರಾರಂಭವಾಗಿತ್ತು. ತ್ರಿಕೋನ ಮೋಜಣಿಯಲ್ಲಿ ಒಂದು ಆಧಾರರೇಖೆಯನ್ನು ಮಾತ್ರ ನೆಲದ ಮೇಲೆ ಅಳೆದು, ಉಳಿದ ದೂರಗಳನ್ನೆಲ್ಲ ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ನೋಡಿ ಲೆಕ್ಕಹಾಕುತ್ತಾರೆ. (ನಮ್ಮ ನಾಡಿನಲ್ಲಿ ಲ್ಯಾಂಬ್ಟನ್ ೧೮೦೦ರಲ್ಲಿ ಬೆಂಗಳೂರಿನ ಬಳಿ ಇಂಥದೇ ಆಧಾರರೇಖೆಯನ್ನು ಅಳೆದು ಕೆಲಸಕ್ಕೆ ತೊಡಗಿದ್ದನು.) ಕೋನವನ್ನು ಅಳೆಯಲು ದೂರದ ಬೆಟ್ಟದ ಗುರುತು ಕಾಣಿಸಬೇಕಷ್ಟೆ. ಐರ್ಲೆಂಡಿನ ಮಂಜುಮುಸುಕಿದ ಹವೆಯಲ್ಲಿ ಅದೇ ಕಾಣಿಸುತ್ತಿರಲಿಲ್ಲ. ಆಗ ಡ್ರಮಂಡನಿಗೆ ತಾನು ಲಂಡನ್ನಿನ ಉಪನ್ಯಾಸವೊಂದರಲ್ಲಿ ಕಂಡಿದ್ದ ಸುಣ್ಣದ ಬೆಳಕಿನ ನೆನಪಾಯಿತು. ಸುಣ್ಣದ ಒಂದು ಸಣ್ಣ ಉಂಡೆಯನ್ನು ನಿಮ್ನದರ್ಪಣದ ನಾಭಿಯಲ್ಲಿಟ್ಟು, ಅದನ್ನು ಆಮ್ಲಜನಕದ ಜ್ವಾಲೆಯಿಂದ ಕಾಯಿಸುವ ಉಪಕರಣವನ್ನು ಅವನು ರಚಿಸಿದನು. ೧೮೨೫ರ ನವೆಂಬರಿನ ಚಳಿಯಲ್ಲಿ ಡೊನೆಗಾಲಿನ ಸ್ಲೀವ್ ಸ್ನಾಟ್ ಬೆಟ್ಟದ ನೆತ್ತಿಯಲ್ಲಿ ಅದು ಬೆಳಗಿದಾಗ, ಸುಮಾರು ೬೬ ಮೈಲಿ, ಎಂದರೆ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಬೆಲ್‌ಫಾಸ್ಟ್ ಬಳಿಯ ಡಿವಿಸ್ ಬೆಟ್ಟದಲ್ಲಿ ಕಾಯುತ್ತಿದ್ದವರಿಗೆ ಅದು ಸ್ಪಷ್ಟವಾಗಿ ಗೋಚರಿಸಿತು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಡ್ರಮಂಡ್ ಇದನ್ನು ವರ್ಣಿಸಿ ಬರೆದನು. ಹೆಸರು ಅವನಿಗೆ ಅಂಟಿದ್ದು ಹೀಗೆ.

ಗರ್ನಿಯ ಬಗ್ಗೆ ನಾವು ಅತಿಯಾಗಿ ಮರುಗಬೇಕಾದದ್ದಿಲ್ಲ. ಅವನು ಉಗಿಬಂಡಿಗಳನ್ನು ಕಟ್ಟಿ ರಸ್ತೆಯ ಮೇಲೆ ಓಡಿಸಿದನು. ಎಣ್ಣೆಯ ಉರಿಗೆ ಆಮ್ಲಜನಕವನ್ನು ಊಡುವ ಇನ್ನೊಂದು ದೀಪವನ್ನು ನಿರ್ಮಿಸಿ ಬ್ರಿಟಿಷ್ ಪಾರ್ಲಿಮೆಂಟಿನ ಸಭಾಭವನವನ್ನು ಬೆಳಗಿಸಿದನು. ೧೮೬೩ರಲ್ಲಿ ‘ಸರ್’ ಪದವಿಯನ್ನೂ ಪಡೆದನು.

ಬೆಟ್ಟದ ಮೇಲಿನ ಬೆಳಕು ರಂಗಭೂಮಿಗೆ ಇಳಿದುಬಂದ ಕಥೆಯೇ ನಮ್ಮ ನುಡಿಗಟ್ಟಿನ ಹೃದಯ. ಲಂಡನ್ನಿನ ಕೋವೆಂಟ್ ಗಾರ್ಡನ್ ನಾಟಕಶಾಲೆಯಲ್ಲಿ ೧೮೩೭ರಲ್ಲಿ ಇದರ ಪ್ರಯೋಗ ನಡೆಯಿತು. ಮುಂದಿನ ಮೂರು ದಶಕಗಳಲ್ಲಿ ದೊಡ್ಡ ನಾಟಕಶಾಲೆಗಳಿಗೆಲ್ಲ ಹಬ್ಬಿತು. ಅಲ್ಲಿ ಅದು ಯಾವ ಕೊರತೆಯನ್ನು ತುಂಬಿತೆಂಬುದನ್ನು ಅರಿಯಲು ಹಿಂದಿನ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಮೇಣದಬತ್ತಿ ಮತ್ತು ಎಣ್ಣೆಯ ದೀಪಗಳ ಕಾಲ ಮುಗಿದು, ೧೮೧೭ರಿಂದ ಲಂಡನ್ನಿನ ರಂಗಸ್ಥಳಗಳಿಗೆ ಕಲ್ಲಿದ್ದಲಿನ ಅನಿಲದ ದೀಪಗಳು ಬಂದಿದ್ದವು. ಬೆಳಕೇನೋ ಹೆಚ್ಚಿತು, ಆದರೆ ಅದು ಎಲ್ಲರ ಮೇಲೂ ಸಮನಾಗಿ ಬೀಳುವ ಬೆಳಕು. ರಾಜನೂ ಅವನ ಹಿಂದೆ ಈಟಿ ಹಿಡಿದು ನಿಂತ ಭಟನೂ ಅಷ್ಟೇ ಬೆಳಗುತ್ತಿದ್ದರು. ಒಬ್ಬನನ್ನು ಮಾತ್ರ ಆಯ್ದು ಬೆಳಗಿಸಲು ಉಪಾಯವಿರಲಿಲ್ಲ.

ಮಸೂರವನ್ನಿಟ್ಟು ಅನಿಲದ ಬೆಳಕನ್ನೇ ಕೇಂದ್ರೀಕರಿಸಬಹುದಿತ್ತಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಇದು ಒಳ್ಳೆಯ ಪ್ರಶ್ನೆ. ಉತ್ತರವನ್ನು ಒಂದು ರೇಖಾಚಿತ್ರವನ್ನು ಬರೆದು ಅವರೇ ಕಂಡುಕೊಳ್ಳಬಹುದು. ಮಸೂರದ ನಾಭಿಯಲ್ಲಿರುವ ಬಿಂದುವಿನಿಂದ ಹೊರಟ ಕಿರಣಗಳು ಮಾತ್ರ ಅದನ್ನು ದಾಟಿದ ಮೇಲೆ ಸಮಾನಾಂತರವಾಗಿ ಸಾಗುತ್ತವೆ. ನಾಭಿಯಿಂದ ಒಂದು ಅಂಗುಲ ಪಕ್ಕಕ್ಕಿರುವ ಬಿಂದುವಿನ ಕಿರಣಗಳೂ ಸಮಾನಾಂತರವಾಗಿಯೇ ಹೊರಟರೂ ಬೇರೊಂದು ದಿಕ್ಕಿಗೆ ಸಾಗುತ್ತವೆ. ಆದುದರಿಂದ ಅಗಲವಾದ ಜ್ವಾಲೆಯ ಮುಂದೆ ಮಸೂರವನ್ನಿಟ್ಟರೆ ಬೆಳಕು ಹರಡಿಯೇ ಹೋಗುತ್ತದೆ. ಎಷ್ಟು ದೊಡ್ಡ ಉರಿಯೋ ಅಷ್ಟು ಹರವು. ಸುಣ್ಣದ ದೀಪದಲ್ಲಿ ಬೆಳಗುವ ಭಾಗ ಬಟಾಣಿ ಕಾಳಿಗಿಂತ ಹೆಚ್ಚು ದೊಡ್ಡದಲ್ಲ, ಬೆಳಕಾದರೋ ಅಪಾರ. ಬೆಳಕಿನ ಮೂಲವು ಚಿಕ್ಕದಾಗಿಯೂ ಪ್ರಖರವಾಗಿಯೂ ಇರುವುದರಿಂದಲೇ ಅದು ಕಂಬದಂತೆ ಬಿಗಿಯಾದ ಕಿರಣಪುಂಜವಾಗಿ ದೂರದ ಒಬ್ಬ ವ್ಯಕ್ತಿಯ ಮೇಲೆ ಬೀಳಬಲ್ಲುದು. ಬೆಟ್ಟದ ಮೇಲೆ ಡ್ರಮಂಡನಿಗೆ ಉಪಕರಿಸಿದ ಗುಣವೇ ರಂಗದ ಮೇಲೆ ನಟನಿಗೆ ಉಪಕರಿಸಿತು. ನಟಿ ಬಲಗಡೆಯಿಂದ ಎಡಗಡೆಗೆ ನಡೆದರೆ ಬೆಳಕೂ ಅವಳನ್ನು ಹಿಂಬಾಲಿಸುತ್ತಿತ್ತು. ನೀಲಿಯ ಗಾಜನ್ನು ಅಡ್ಡವಿಟ್ಟರೆ ಬೆಳದಿಂಗಳು ಸಿದ್ಧ.

ಈ ಬೆಳಕು ತಾನಾಗಿ ಉರಿಯುವಂಥದಲ್ಲವೆಂಬುದನ್ನು ವಿಶೇಷವಾಗಿ ಗಮನಿಸಬೇಕು. ರಂಗದ ಪಕ್ಕದ ಅಟ್ಟದ ಮೇಲೆ, ಕತ್ತಲಲ್ಲಿ, ಒಂದೊಂದು ದೀಪಕ್ಕೂ ಒಬ್ಬೊಬ್ಬ ಆಳು ನಿಲ್ಲಬೇಕಾಗಿತ್ತು. ಜಲಜನಕ ಅಥವಾ ಕಲ್ಲಿದ್ದಲ ಅನಿಲ ಒಂದು ಚೀಲದಲ್ಲಿ, ಆಮ್ಲಜನಕ ಇನ್ನೊಂದು ಚೀಲದಲ್ಲಿ. ಎರಡನ್ನೂ ಹಲಗೆಗಳ ನಡುವೆ ಇಟ್ಟು ಮೇಲೆ ತೂಕದ ಕಲ್ಲುಗಳನ್ನು ಹೇರಿ ಒತ್ತಡ ಕೊಡುತ್ತಿದ್ದರು. ಒತ್ತಡ ಏರುಪೇರಾಗಿ ಒಂದು ಚೀಲದ ಅನಿಲ ಇನ್ನೊಂದಕ್ಕೆ ನುಗ್ಗಿದರೆ ಸ್ಫೋಟ ತಪ್ಪಿದ್ದಲ್ಲ. ಅಂಥ ಅಪಘಾತಗಳು ನಡೆದುವು. ಜ್ವಾಲೆ ಒಂದೇ ಕಡೆ ತಗುಲಿದರೆ ಸುಣ್ಣದಲ್ಲಿ ಕುಳಿಬೀಳುತ್ತದೆ, ಬೆಳಕು ಮಂಕಾಗುತ್ತದೆ. ಆದುದರಿಂದ ಸುಣ್ಣದ ಉರುಳೆಯನ್ನು ಕೈಯಿಂದ ಸ್ವಲ್ಪಸ್ವಲ್ಪವಾಗಿ ತಿರುಗಿಸುತ್ತಿರಬೇಕು. ಅದೇ ವೇಳೆಗೆ ಅನಿಲದ ತಿರುಪುಗಳ ಮೇಲೆ ಕಣ್ಣಿರಬೇಕು, ನಟನ ಹೆಜ್ಜೆಯ ಮೇಲೂ ಕಣ್ಣಿರಬೇಕು. ಬಳಸದಿರುವಾಗ ಸುಣ್ಣದ ಉರುಳೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡದಿದ್ದರೆ ಹವೆಯ ತೇವವನ್ನೇ ಕುಡಿದು ಅವು ಪುಡಿಯಾಗುತ್ತಿದ್ದವು. ಮೂರು ಗಂಟೆಯ ನಾಟಕದಲ್ಲಿ ಈ ಮನುಷ್ಯನನ್ನು ನೋಡಿದ ಪ್ರೇಕ್ಷಕರು ಒಬ್ಬರೂ ಇಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳ ಹೊತ್ತಿಗೆ ಇಂಗ್ಲಿಷರು ಈ ದೃಶ್ಯವನ್ನು ಎಷ್ಟೋ ಸಲ ಕಂಡಿದ್ದರು. ಅದು ಮಾತಿನೊಳಕ್ಕೆ ಸೇರಿ ರಂಗದ ಹೊರಗಿನ ಜನರಿಗೂ ಅನ್ವಯಿಸತೊಡಗಿದ್ದು ಆ ಕಾಲದಲ್ಲಿಯೇ. ಈಗ ಅರ್ಥವನ್ನು ನಿಷ್ಕರ್ಷಿಸುವುದು ಸುಲಭ. ಲೈಮ್‌ಲೈಟಿನಲ್ಲಿರುವುದೆಂದರೆ ಅನೇಕರ ನಡುವೆ ಒಬ್ಬನ ಮೇಲೆ, ಆ ಹೊತ್ತಿಗೆ, ಜನರೆಲ್ಲರ ಗಮನ ಕೇಂದ್ರೀಕೃತವಾಗಿರುವುದು. ಪಕ್ಕದಲ್ಲಿ ನಿಂತವರು ಕಾಣಿಸದಂತಾಗುವುದು ಅದರ ಅರ್ಥದಲ್ಲಿಯೇ ಅಡಗಿದೆ. ಎಲ್ಲರೂ ಬೆಳಗಿದರೆ ಅದು ಲೈಮ್‌ಲೈಟಲ್ಲ, ಹಗಲು. ಬೆಳಕು ಆ ವ್ಯಕ್ತಿಯದೂ ಅಲ್ಲ. ಅದನ್ನು ತಿರುಗಿಸುವ ಕೈ ಬೇರೆಲ್ಲೋ ಇದೆ, ಬೇಕೆಂದಾಗ ಇನ್ನೊಬ್ಬನ ಕಡೆಗೆ ತಿರುಗುತ್ತದೆ. ಮತ್ತು ಈ ಬೆಳಕಿಗೆ ಯೋಗ್ಯತೆಯ ವಿಚಾರವಿಲ್ಲ: ನಾಯಕನ ಮೇಲೂ ಬೀಳುತ್ತದೆ, ಖಳನಾಯಕನ ಮೇಲೂ ಬೀಳುತ್ತದೆ. ಮೊಕದ್ದಮೆಯ ಆರೋಪಿಯನ್ನು ‘ಪ್ರಸಿದ್ಧ’ ಎನ್ನುವುದು ಅಸಂಬದ್ಧವಾದರೂ ಅವನು ಲೈಮ್‌ಲೈಟಿನಲ್ಲಿದ್ದಾನೆ ಎನ್ನುವುದು ಸರಿಯಾದ ಇಂಗ್ಲಿಷ್. ಇನ್ನೊಂದು ಸೂಕ್ಷ್ಮವೂ ಇದೆ. ಪ್ರಖರವಾದ ಕಿರಣಪುಂಜದಲ್ಲಿ ನಿಂತವನ ಕಣ್ಣಿಗೆ ಎದುರಿನ ಸಭೆ ಕಾಣುವುದಿಲ್ಲ, ಬರಿಯ ಕತ್ತಲೆ ಕಾಣುತ್ತದೆ. ಅವನನ್ನು ಎಲ್ಲರೂ ನೋಡುತ್ತಾರೆ, ಅವನು ಯಾರನ್ನೂ ನೋಡಲಾರ. ಲೈಮ್‌ಲೈಟಿನ ಉರಿಯನ್ನು ಕುರಿತು ನಟರೂ ರಾಜಕಾರಣಿಗಳೂ ಗೊಣಗುವುದು ಸುಮ್ಮನೆಯಲ್ಲ.

ನಮ್ಮವರಿಗೇ ಪರಿಚಿತವಾದ ಒಂದು ಉದಾಹರಣೆಯಿಂದ ಈ ಭೇದ ಇನ್ನೂ ತಿಳಿಯಾಗುತ್ತದೆ. ೧೯೨೮ರ ಫೆಬ್ರವರಿ ೨೮ರಂದು ಕಲ್ಕತ್ತೆಯಲ್ಲಿ ಗೋಚರಿಸಿದ ಬೆಳಕಿನ ಹೊಸ ಚದುರಿಕೆಯನ್ನು ಕುರಿತು ‘ನೇಚರ್’ ಪತ್ರಿಕೆಗೆ ಹೋದ ಮೊದಲ ಪತ್ರಕ್ಕೆ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಇಬ್ಬರ ಸಹಿಯೂ ಇತ್ತು. ೧೯೩೦ರಲ್ಲಿ ನೊಬೆಲ್ ಪಾರಿತೋಷಕ ರಾಮನ್ನರಿಗೆ ಬಂದಿತು. ಲೈಮ್‌ಲೈಟು ಅವರ ಮೇಲೆ ಬಿದ್ದಿತು. ಕೃಷ್ಣನ್ನರು ಭೌತವಿಜ್ಞಾನಿಗಳ ನಡುವೆ ಅಪ್ರಸಿದ್ಧರೇನೂ ಆಗಲಿಲ್ಲ. ರಾಯಲ್ ಸೊಸೈಟಿಯ ಸದಸ್ಯರಾದರು, ದೆಹಲಿಯ ರಾಷ್ಟ್ರೀಯ ಭೌತಶಾಸ್ತ್ರ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು. ಅವರಿಗೆ ಪ್ರಸಿದ್ಧಿಯುಂಟು, ಲೈಮ್‌ಲೈಟಿಲ್ಲ. ಎರಡನ್ನೂ ಒಂದೇ ಎಂದು ತಿಳಿದವನಿಗೆ ಈ ವಾಕ್ಯ ವಿರೋಧಾಭಾಸದಂತೆ ತೋರೀತು. ಕೇಂಬ್ರಿಜ್ಜಿನಲ್ಲಿ ೧೯೬೭ರಲ್ಲಿ ಮೊದಲ ಪಲ್ಸಾರ್ ತಾರೆಯ ಸಂಕೇತವನ್ನು ಗುರುತಿಸಿದವಳು ಸಂಶೋಧನ ವಿದ್ಯಾರ್ಥಿನಿ ಜೋಸೆಲಿನ್ ಬೆಲ್. ೧೯೭೪ರ ನೊಬೆಲ್ ಅವಳ ಮಾರ್ಗದರ್ಶಕ ಆಂಟನಿ ಹ್ಯೂಯಿಷ್‌ಗೆ, ಮಾರ್ಟಿನ್ ರೈಲ್ ಜೊತೆಯಲ್ಲಿ ದೊರೆಯಿತು. ಬಳಿಕ ೨೦೧೮ರಲ್ಲಿ ಮೂವತ್ತು ಲಕ್ಷ ಡಾಲರುಗಳ ವಿಶೇಷ ಪಾರಿತೋಷಕವೊಂದು ಆಕೆಗೆ ಬಂದಾಗ ಬೆಳಕು ಅರ್ಧ ಶತಮಾನ ತಡವಾಗಿ ಆಕೆಯ ಕಡೆಗೆ ತಿರುಗಿತು. ಆಕೆ ಹಣವನ್ನೆಲ್ಲ ಭೌತಶಾಸ್ತ್ರದ ವಿದ್ಯಾರ್ಥಿವೇತನಕ್ಕೆ ಕೊಟ್ಟುಬಿಟ್ಟರು.

ಇನ್ನು ಪ್ರಯೋಗದ ನಿಯಮ. ಇಲ್ಲಿ ಹೇಳಬೇಕಾದದ್ದು ಹೆಚ್ಚಿಲ್ಲ. ಉಪಸರ್ಗ ‘ಇನ್’ ಎಂದೇ ಇರಬೇಕು. ಬೆಳಕಿನ ವೃತ್ತದ ಒಳಗೆ ನಿಂತವನ ಚಿತ್ರವದು, ‘ಆನ್’ ಸಲ್ಲದು. ‘ದ’ ಎಂಬುದನ್ನು ಬಿಡಬಾರದು. ಬಹುವಚನವಿಲ್ಲ. ವ್ಯಕ್ತಿ ಅದರೊಳಕ್ಕೆ ಬರಬಹುದು, ಅದರಲ್ಲಿ ಉಳಿಯಬಹುದು, ಅದನ್ನು ಇನ್ನೊಬ್ಬನೊಡನೆ ಹಂಚಿಕೊಳ್ಳಬಹುದು, ಅದರಿಂದ ದೂರವಿರಬಹುದು. ಇನ್ನೊಬ್ಬನ ಮೇಲಿದ್ದ ಗಮನವನ್ನು ತನ್ನ ಕಡೆಗೆ ಎಳೆದುಕೊಂಡರೆ ‘ಸ್ಟೀಲ್ ದ ಲೈಮ್‌ಲೈಟ್’, ಬೆಳಕನ್ನು ಕದ್ದನೆಂದು. ಯಾರಿಗೂ ಬಿಟ್ಟುಕೊಡದೆ ತಾನೇ ಆವರಿಸಿಕೊಂಡರೆ ‘ಹಾಗ್ ದ ಲೈಮ್‌ಲೈಟ್’, ಎಂದರೆ ಹಂದಿಯಂತೆ ಎಲ್ಲವನ್ನೂ ತಾನೇ ಕಬಳಿಸಿದನೆಂದು. ಎರಡನೆಯದು ಬಿರುನುಡಿ, ಪರೀಕ್ಷೆಯ ಪ್ರಬಂಧದಲ್ಲಿ ಮಾನ್ಯರ ವಿಷಯವಾಗಿ ಬಳಸಬಾರದು. ಇದರ ಹತ್ತಿರದ ನೆಂಟ ‘ಸ್ಪಾಟ್‌ಲೈಟ್’. ಅರ್ಥ ಬಹುಮಟ್ಟಿಗೆ ಒಂದೇ ಆದರೂ ‘ಅಂಡರ್ ದ ಸ್ಪಾಟ್‌ಲೈಟ್’ ಎಂದಾಗ ಲೋಪದೋಷಗಳನ್ನು ಹುಡುಕುವ ದೃಷ್ಟಿಯ ಧ್ವನಿ ಸೇರುತ್ತದೆ. ಇಲಾಖೆಯ ಲೆಕ್ಕಪತ್ರಗಳ ಮೇಲೆ ಸ್ಪಾಟ್‌ಲೈಟು ಬೀಳುವುದುಂಟು. ಲೈಮ್‌ಲೈಟು ಬೀಳುವುದು ಮನುಷ್ಯರ ಮೇಲೆಯೇ ಹೆಚ್ಚು.

ಕನ್ನಡಕ್ಕೆ ಇದನ್ನು ತರುವಾಗ ‘ಬೆಳಕಿಗೆ ಬಂದನು’ ಎಂದು ಬರೆಯುವುದು ವಾಡಿಕೆ. ನಮಗೆ ಇದು ಒಪ್ಪಿಗೆಯಿಲ್ಲ. ನಮ್ಮಲ್ಲಿ ಬೆಳಕಿಗೆ ಬರುವುದು ಮರೆಯಾಗಿದ್ದ ಸಂಗತಿ: ಹಳೆಯ ಶಾಸನ, ಮುಚ್ಚಿಟ್ಟ ಅವ್ಯವಹಾರ, ಪೆಟ್ಟಿಗೆಯಲ್ಲಿ ಉಳಿದ ಹಸ್ತಪ್ರತಿ. ಒಮ್ಮೆ ಬೆಳಕಿಗೆ ಬಂದ ಮೇಲೆ ಅದು ಮತ್ತೆ ಕತ್ತಲೆಗೆ ಹೋಗುವುದಿಲ್ಲ. ಲೈಮ್‌ಲೈಟಾದರೋ ಬಂದು ಹೋಗುವ ಬೆಳಕು. ‘ಊರ ಕಣ್ಣೆಲ್ಲ ಅವನ ಮೇಲಿತ್ತು’ ಎಂಬ ಮಾತು ಮೂಲದ ಅರ್ಥಕ್ಕೆ ಹೆಚ್ಚು ಹತ್ತಿರ. ವಿರುದ್ಧಾರ್ಥವನ್ನು ಹೇಳಬೇಕಾದಾಗ ಮಾತ್ರ ಕನ್ನಡ ಇಂಗ್ಲಿಷಿಗಿಂತ ಸೊಗಸಾಗಿದೆ: ಲೈಮ್‌ಲೈಟಿನಿಂದ ದೂರ ಉಳಿದವನನ್ನು ನಾವು ‘ಎಲೆಮರೆಯ ಕಾಯಿ’ ಎನ್ನುತ್ತೇವೆ. ಮರೆಯಲ್ಲಿರುವುದೇ ಅಲ್ಲದೆ ಅಲ್ಲಿ ಏನೋ ಮಾಗುತ್ತಿದೆ ಎಂಬ ಸೂಚನೆಯೂ ಆ ಮಾತಿನಲ್ಲಿದೆ.

ದೀಪದ ಕಥೆಯ ಕೊನೆಯ ಭಾಗವನ್ನು ಹೇಳಿ ಮುಗಿಸುತ್ತೇವೆ. ಲಂಡನ್ನಿನ ಸಾವೊಯ್ ನಾಟಕಶಾಲೆ ೧೮೮೧ರಲ್ಲಿ ಸುಮಾರು ೧,೨೦೦ ವಿದ್ಯುದ್ದೀಪಗಳೊಡನೆ ತೆರೆಯಿತು. ಆದರೂ ಸುಣ್ಣ ಕೂಡಲೆ ಮರೆಯಾಗಲಿಲ್ಲ. ಲೈಸಿಯಂ ನಾಟಕಶಾಲೆಯ ಪ್ರಖ್ಯಾತ ನಟ ಹೆನ್ರಿ ಇರ್ವಿಂಗ್ ವಿದ್ಯುತ್ತಿನ ಬೆಳಕು ಒರಟೆಂದು ಭಾವಿಸಿ ಅನಿಲದ ದೀಪಗಳನ್ನೂ ಸುಣ್ಣದ ಬೆಳಕನ್ನೂ ಬಹುಕಾಲ ಬಿಡಲಿಲ್ಲ. ಇದರಲ್ಲಿ ಹಟದ ಜ್ಯೋತೆಗೆ ವಿಜ್ಞಾನವೂ ಇದೆ. ಸುಮಾರು ೨,೬೦೦ ಡಿಗ್ರಿಯಲ್ಲಿ ಕಾದ ವಸ್ತುವಿನ ಶಕ್ತಿಯ ಬಹುಭಾಗ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಹೋಗುತ್ತದೆ; ಕಾಣುವ ಭಾಗದಲ್ಲಿ ಕೆಂಪು ಹಳದಿಗಳೇ ಹೆಚ್ಚು, ನೀಲಿ ಕಡಮೆ. ಆ ಬೆಚ್ಚನೆಯ ಬಿಳುಪು ಮನುಷ್ಯರ ಮುಖಕ್ಕೆ ಒಪ್ಪುತ್ತದೆ. ಅದಕ್ಕೆ ಹೋಲಿಸಿದರೆ ಆ ಕಾಲದ ಇಂಗಾಲದ ಚಾಪದೀಪದ ಬೆಳಕು ತಣ್ಣಗೆ, ನೀಲಿಗಟ್ಟಿದಂತೆ ತೋರುತ್ತಿತ್ತು.

ಕಾದ ಆಕ್ಸೈಡಿನಿಂದ ಬೆಳಕನ್ನು ಪಡೆಯುವ ಉಪಾಯ ನಮ್ಮ ಕಡೆಗೂ ಬಂದಿತು, ಬೇರೊಂದು ವೇಷದಲ್ಲಿ. ಆಸ್ಟ್ರಿಯದ ಆಯರ್ ಫಾನ್ ವೆಲ್ಸ್‌ಬಾಖ್ ೧೮೮೫ರಿಂದ ಮುಂದಕ್ಕೆ ಬಟ್ಟೆಯ ಬಲೆಯನ್ನು ಲವಣಗಳಲ್ಲಿ ಅದ್ದಿ ಸುಟ್ಟು ಆಕ್ಸೈಡಿನ ಜಾಳಿಗೆಯನ್ನು ಮಾಡುವ ವಿಧಾನವನ್ನು ಬೆಳೆಸಿದನು. ಕೊನೆಗೆ ನೂರಕ್ಕೆ ತೊಂಬತ್ತೊಂಬತ್ತು ಪಾಲು ಥೋರಿಯಂ ಆಕ್ಸೈಡ್, ಒಂದು ಪಾಲು ಸೀರಿಯಂ ಆಕ್ಸೈಡ್ ಎಂಬ ಪಾಕ ನಿಂತಿತು. ಪೆಟ್ರೋಮ್ಯಾಕ್ಸ್ ದೀಪದ ‘ಮ್ಯಾಂಟಲ್’ ಎಂಬುದು ಇದೇ. ದೊಂದಿಯ ಬೆಳಕಿನಲ್ಲಿ ನಡೆಯುತ್ತಿದ್ದ ಯಕ್ಷಗಾನದ ಆಟಗಳು ವಿದ್ಯುತ್ತು ಬರುವ ಮುನ್ನ ಎಷ್ಟೋ ವರ್ಷ ನಡೆದದ್ದು ಈ ‘ಗ್ಯಾಸ್‌ಲೈಟಿ’ನ ಕೆಳಗೆ. ಬೆಳಗುವ ತತ್ತ್ವ ಸುಣ್ಣದ್ದೇ. ಆದರೆ ಮ್ಯಾಂಟಲಿನ ಬೆಳಕು ಸುತ್ತಲೂ ಹರಡುವ ಬೆಳಕು. ವೇಷಧಾರಿಯ ಜೊತೆಗೆ ಭಾಗವತರೂ ಮದ್ದಳೆಯವರೂ ಮುಂದೆ ಕುಳಿತ ಹುಡುಗರೂ ಅದರಲ್ಲಿ ಕಾಣಿಸುತ್ತಿದ್ದರು.

ಇಂಗ್ಲೆಂಡಿನಲ್ಲಿ ಸುಣ್ಣದ ಸ್ಥಾನಕ್ಕೆ ಮೊದಲು ಇಂಗಾಲದ ಚಾಪದೀಪ, ಬಳಿಕ ಕ್ಸೆನಾನ್ ಅನಿಲದ ದೀಪ, ಈಗ ಎಲ್‌ಇಡಿ ಬಂದಿವೆ. ಚಾರ್ಲಿ ಚಾಪ್ಲಿನ್ ಪ್ರೇಕ್ಷಕರು ಕೈಬಿಟ್ಟ ಮುದಿ ವಿದೂಷಕನೊಬ್ಬನ ಕಥೆಯನ್ನು ಚಿತ್ರವಾಗಿಸಿ ೧೯೫೨ರಲ್ಲಿ ‘ಲೈಮ್‌ಲೈಟ್’ ಎಂಬ ಹೆಸರಿಟ್ಟಾಗಲೇ ಆ ದೀಪ ನಾಟಕಶಾಲೆಗಳಿಂದ ಹೊರಟುಹೋಗಿ ಬಹಳ ಕಾಲವಾಗಿತ್ತು. ಆದರೂ ಬ್ರಿಟನ್ನಿನ ರಂಗಭೂಮಿಯಲ್ಲಿ ನಟರನ್ನು ಹಿಂಬಾಲಿಸುವ ದೀಪಗಳಿಗೆ ಇಂದಿಗೂ ‘ಲೈಮ್ಸ್’ ಎಂಬ ಅಡ್ಡಹೆಸರು ಉಳಿದಿದೆ. ದೀಪದಲ್ಲಿ ಸುಣ್ಣದ ಒಂದು ಕಣವೂ ಇಲ್ಲ. ಅದನ್ನು ತಿರುಗಿಸುವ ಆಳು ಮಾತ್ರ ಹಿಂದಿನಂತೆಯೇ ಕತ್ತಲಲ್ಲಿ, ಅಟ್ಟದ ಮೇಲೆ ನಿಂತಿರುತ್ತಾನೆ.